ಕತ್ತಲಾಗುವ ಮುಂಚಿನ ಎರಡು ಗಂಟೆ: ಮಕ್ಕಳ ಜೊತೆ ಕಾಡಿನಲ್ಲಿ ಟೆಂಟ್ ಹಾಕಿದ ನನ್ನ ಅನುಭವ

ಮೊದಲ ಸಲ ಮಕ್ಕಳನ್ನು ಕರೆದುಕೊಂಡು ಕಾಡಿನ ಪಾರ್ಕಿನಲ್ಲಿ ರಾತ್ರಿ ಕಳೆಯಲು ಹೋದಾಗ ನಾವು ಜಾಗ ಮುಟ್ಟುವಷ್ಟರಲ್ಲಿ ಕತ್ತಲಾಗಿತ್ತು. ಹೊರಟಿದ್ದೇ ತಡ, ದಾರಿಯಲ್ಲಿ ಎರಡು ಕಡೆ ನಿಂತೆವು. ಕಾರಿನ ಹೆಡ್‌ಲೈಟ್ ಬೆಳಕಿನಲ್ಲೇ ಟೆಂಟ್ ಹಾಕಿದೆವು. ನೆಲ ಮೆತ್ತಗಿತ್ತು, ಗೂಟಗಳು ಸಲೀಸಾಗಿ ಇಳಿದವು. ಒಳ್ಳೆಯ ಜಾಗವೇ ಸಿಕ್ಕಿತು ಅಂದುಕೊಂಡೆ. ನೆಲ ಮೆತ್ತಗಿದ್ದದ್ದು ಅದು ತಗ್ಗಾಗಿದ್ದರಿಂದ. ಸುತ್ತಲಿನ ನೀರೆಲ್ಲ ಹರಿದು ಬಂದು ನಿಲ್ಲುವ ಜಾಗ ಅದು. ರಾತ್ರಿ ಹನ್ನೊಂದರ ಹೊತ್ತಿಗೆ ಮಳೆ ಶುರುವಾಯಿತು. ಮುಕ್ಕಾಲು ಗಂಟೆಯಲ್ಲಿ ಟೆಂಟಿನ ನೆಲ ನೀರಿನ ಹಾಸಿಗೆಯ ಹಾಗೆ ತೊನೆಯತೊಡಗಿತು. ಐದು ವರ್ಷದ ಮಗನಿಗೆ ಮೂತ್ರಕ್ಕೆ ಹೋಗಬೇಕಿತ್ತು, ಆದರೆ ಹೊರಗೆ ಕಾಲಿಡಲು ಒಪ್ಪಲಿಲ್ಲ. ಶೌಚಾಲಯ ಯಾವ ಕಡೆ ಇದೆ ಅಂತ ಅವನಿಗೂ ಗೊತ್ತಿಲ್ಲ, ನಮಗೂ ಸರಿಯಾಗಿ ಗೊತ್ತಿಲ್ಲ. ಒಂದು ಗಂಟೆ ರಾತ್ರಿಗೆ ಒದ್ದೆ ಸಾಮಾನನ್ನು ಡಿಕ್ಕಿಗೆ ತುಂಬಿ ಮನೆಗೆ ಹೊರಟೆವು. ದಾರಿಯುದ್ದಕ್ಕೂ ಎಂಟು ವರ್ಷದ ಮಗಳು ಒಂದು ಮಾತೂ ಆಡಲಿಲ್ಲ.

ಆ ಮೌನ ನನ್ನನ್ನು ಬಹಳ ದಿನ ಕಾಡಿತು. ಮಕ್ಕಳು ಹೆದರಿದ್ದು ಕಾಡಿಗೂ ಅಲ್ಲ, ಮಳೆಗೂ ಅಲ್ಲ ಅನ್ನುವುದು ಅವರ ಜೊತೆ ಮಾತಾಡುತ್ತಾ ಮಾತಾಡುತ್ತಾ ನಿಧಾನವಾಗಿ ಗೊತ್ತಾಯಿತು. ಹಗಲಲ್ಲಿ ಒಮ್ಮೆಯೂ ನೋಡದ ಜಾಗದಲ್ಲಿ ನಾವು ಅವರನ್ನು ಮಲಗಿಸಿದ್ದೆವು. ಟೆಂಟಿನ ಬಟ್ಟೆಯ ಆಚೆ ಏನಿದೆ ಅನ್ನುವುದಕ್ಕೆ ಅವರ ಮನಸ್ಸಿನಲ್ಲಿ ಒಂದು ಚಿತ್ರವೇ ಇರಲಿಲ್ಲ. ಈಗ ನಾವು ಕ್ಯಾಂಪಿಂಗ್ ಹೋಗುವಾಗ ಉಳಿದದ್ದು ಏನೇ ಹೆಚ್ಚುಕಮ್ಮಿಯಾದರೂ ಒಂದು ವಿಷಯದಲ್ಲಿ ರಾಜಿ ಇಲ್ಲ: ಕತ್ತಲಾಗುವುದಕ್ಕೆ ಕನಿಷ್ಠ ಎರಡು ಗಂಟೆ ಮೊದಲು ಜಾಗದಲ್ಲಿರಬೇಕು. ಅದು ಆಗುವುದಿಲ್ಲ ಅನ್ನಿಸಿದರೆ ಆ ದಿನ ಹೊರಡುವುದೇ ಇಲ್ಲ.

ಮತ್ತೆ ಟೆಂಟ್ ಬಿಚ್ಚುವ ಮೊದಲು ನಾಲ್ಕು ತಿಂಗಳು ಬರೀ ಹಗಲಿನ ಓಡಾಟ ಮಾಡಿದೆವು. ಮೊದಮೊದಲು ಅರ್ಧ ದಿನ, ಆಮೇಲೆ ಬೆಳಿಗ್ಗೆಯಿಂದ ಸಂಜೆವರೆಗೆ. ವಿಲಿಯಂ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ನಡಿಗೆಗೆ ಒಂದು ಲೆಕ್ಕ ಕೊಟ್ಟಿದ್ದಾನೆ: ಗಂಟೆಗೆ ಸುಮಾರು 5 ಕಿಲೋಮೀಟರ್, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದು ಗಟ್ಟಿಮುಟ್ಟಾದ ದೊಡ್ಡವರ ಲೆಕ್ಕ. ಅದನ್ನೇ ನಂಬಿ ಆರು ಕಿಲೋಮೀಟರಿನ ಸುತ್ತು ಹಿಡಿದ ದಿನ ಕೊನೆಯ ಎರಡು ಕಿಲೋಮೀಟರ್ ಮಗನನ್ನು ಹೆಗಲ ಮೇಲೆ ಹೊತ್ತು ತಂದೆ. ಈಗ ನಮ್ಮ ಲೆಕ್ಕ ಗಂಟೆಗೆ ಒಂದೂವರೆ ಕಿಲೋಮೀಟರ್, ಅಷ್ಟೇ. ಐದು ವರ್ಷದ ಮಗುವಿಗೆ ನಡಿಗೆ ಅನ್ನುವುದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದಲ್ಲ. ಬಿದ್ದ ಮರದ ಕೆಳಗೆ ಬಗ್ಗಿ ನೋಡುವುದು, ಇರುವೆ ಸಾಲನ್ನು ಅದರ ಗೂಡಿನವರೆಗೆ ಹಿಂಬಾಲಿಸುವುದು, ಒಂದೇ ಕಲ್ಲನ್ನು ಹತ್ತು ಸಲ ಹತ್ತಿ ಇಳಿಯುವುದು, ಇದೇ ನಡಿಗೆ. ಹಾಗಾಗಿ ಗುರಿ ಇಟ್ಟುಕೊಳ್ಳುವುದನ್ನೇ ಬಿಟ್ಟೆವು. ಹೊರಡುವಾಗಲೇ ಎಷ್ಟು ಗಂಟೆಗೆ ತಿರುಗಬೇಕು ಅಂತ ಗಟ್ಟಿಯಾಗಿ ಹೇಳಿಕೊಳ್ಳುತ್ತೇವೆ. ಆ ಹೊತ್ತಾದಾಗ ಎಲ್ಲಿದ್ದರೂ ತಿರುಗುವುದು, ಜಲಪಾತ ಇನ್ನೊಂದು ತಿರುವಿನಲ್ಲಿದ್ದರೂ ಸರಿ.

ಇಬ್ಬರ ಕೊರಳಲ್ಲೂ ವಿಷಲ್ ಇರುತ್ತದೆ. ದಾರಿ ತಪ್ಪಿದೆ ಅನ್ನಿಸಿದ ತಕ್ಷಣ ಹತ್ತಿರದ ಒಂದು ಮರವನ್ನು ಹಿಡಿದು ಅಲ್ಲೇ ನಿಲ್ಲಬೇಕು, ಮೂರು ಸಲ ಊದಬೇಕು, ಸ್ವಲ್ಪ ತಡೆದು ಮತ್ತೆ ಮೂರು ಸಲ. ಮೂರರ ಗುಂಪು ಅನೇಕ ದೇಶಗಳಲ್ಲಿ ಅಪಾಯದ ಸೂಚನೆ, ಕೇಳಿದವರಿಗೆ ಅರ್ಥವಾಗುತ್ತದೆ. ಕೂಗುತ್ತಾ ಹೋದರೆ ಗಂಟಲು ಬೇಗ ಸೋಲುತ್ತದೆ, ವಿಷಲ್ ಸೋಲುವುದಿಲ್ಲ. ಹುಡುಕಲು ಓಡಾಡುವ ಮಗುವಿಗಿಂತ ನಿಂತಲ್ಲೇ ನಿಂತ ಮಗು ಬೇಗ ಸಿಗುತ್ತದೆ. ಇದನ್ನು ಬಾಯಲ್ಲಿ ಹೇಳಿದರೆ ಸಾಲದು. ಪ್ರತಿ ಸಲ ಹೋದಾಗಲೂ ನಾನು ಮರೆಯಲ್ಲಿ ನಿಲ್ಲುತ್ತೇನೆ, ಅವರು ಮರ ಹಿಡಿದು ಊದುತ್ತಾರೆ, ನಾನು ಹುಡುಕಿ ಬರುತ್ತೇನೆ. ಅವರಿಗೆ ಆಟ, ನನಗೆ ನೆಮ್ಮದಿ.

ನಾಲ್ಕನೇ ತಿಂಗಳ ಕೊನೆಯ ಸುತ್ತಾಟದಲ್ಲಿ ಬೇಕೆಂದೇ ಮುಸ್ಸಂಜೆವರೆಗೆ ಅಲ್ಲೇ ಕೂತೆವು. ಹಕ್ಕಿಗಳ ಸದ್ದು ಕಡಿಮೆಯಾಗಿ ಹುಳುಗಳ ಸದ್ದು ಏರುವ ಆ ಹದಿನೈದು ಇಪ್ಪತ್ತು ನಿಮಿಷ ಮಕ್ಕಳು ಉಸಿರು ಬಿಗಿಹಿಡಿದು ಕೇಳಿದರು. ವಾಪಸ್ ಬರುವಾಗ "ಇನ್ನೂ ಸ್ವಲ್ಪ ಹೊತ್ತು ಇರಬಹುದಿತ್ತು" ಅಂತ ಮಗಳೇ ಅಂದಳು. ಆ ವಾರವೇ ಟೆಂಟನ್ನು ಮತ್ತೆ ಹೊರತೆಗೆದೆ.

ಮೊದಲು ಮನೆಯ ಹತ್ತಿರ ಬಯಲಿನಲ್ಲಿ ಎರಡು ಸಲ ಹಾಕಿ ಬಿಚ್ಚಿದೆವು. ಕಂಬಿ ಜೋಡಿಸುವುದು ಮಗಳ ಕೆಲಸ, ಗೂಟ ಎಣಿಸಿ ಕೊಡುವುದು ಮಗನದು. ಗೂಟವನ್ನು ನೆಟ್ಟಗೆ ಹೊಡೆಯಬಾರದು, ಅದರ ತಲೆ ಟೆಂಟಿನಿಂದ ಆಚೆಗೆ ವಾಲಿರಬೇಕು. ಆಗ ಹಗ್ಗ ಎಳೆದಷ್ಟೂ ಗೂಟ ಮಣ್ಣನ್ನು ಕಚ್ಚಿ ಹಿಡಿಯುತ್ತದೆ. ಕೆಳಗೆ ಹಾಸುವ ಶೀಟು ಟೆಂಟಿನ ಅಂಚಿನಿಂದ ಒಂದು ಬೆರಳೂ ಹೊರಗೆ ಚಾಚಬಾರದು. ಚಾಚಿದರೆ ಗೋಡೆಯಿಂದ ಇಳಿದ ಮಳೆನೀರನ್ನು ಅದೇ ಹಿಡಿದು ನಿಮ್ಮ ಬೆನ್ನಿನ ಕೆಳಗೆ ತಂದು ಬಿಡುತ್ತದೆ. ಮೊದಲ ರಾತ್ರಿ ತಗ್ಗಿನ ಜೊತೆಗೆ ಈ ತಪ್ಪೂ ಸೇರಿಕೊಂಡಿತ್ತು.

ಎರಡನೇ ಸಲ ಮಧ್ಯಾಹ್ನ ಮೂರೂವರೆಗೇ ಅಲ್ಲಿದ್ದೆವು. ಸಾಮಾನು ಇಳಿಸುವ ಮೊದಲು ನಾನು ತಲೆಯೆತ್ತಿ ನೋಡಿದೆ. ಒಣಗಿದ ಕೊಂಬೆ, ಮುರಿದು ನೇತಾಡುತ್ತಿರುವ ಕೊಂಬೆ, ಬುಡ ಟೊಳ್ಳಾದ ಮರ, ಇವುಗಳಲ್ಲಿ ಒಂದು ಕಂಡರೂ ಆ ಜಾಗ ಬೇಡ. ಗಾಳಿ ಇಲ್ಲದ ರಾತ್ರಿಯಲ್ಲೂ ಒಣಕೊಂಬೆ ಬೀಳಬಹುದು. ಆಮೇಲೆ ನೆಲ ನೋಡಿದೆ. ತರಗೆಲೆಗಳು ಸಾಲುಸಾಲಾಗಿ ಒತ್ತರಿಸಿ ಬಿದ್ದಿದ್ದರೆ ಅಲ್ಲಿ ನೀರು ಹರಿದಿದೆ ಎಂದರ್ಥ. ಮಣ್ಣು ಬಿರುಕು ಬಿಟ್ಟು ಚಪ್ಪಟೆಯಾಗಿದ್ದರೆ ನೀರು ನಿಂತಿದೆ ಎಂದರ್ಥ. ತುಸು ಎತ್ತರದ, ಕಾಣಿಸದಷ್ಟು ಇಳಿಜಾರಿನ ಜಾಗ ಹುಡುಕಿ, ತಲೆ ಮೇಲ್ಬದಿಗೆ ಬರುವ ಹಾಗೆ ಟೆಂಟ್ ಹಾಕಿದೆವು. ತಗ್ಗು ಬೇಡ ಅನ್ನುವುದಕ್ಕೆ ನೀರೊಂದೇ ಕಾರಣವಲ್ಲ. ರಾತ್ರಿ ತಣ್ಣನೆಯ ಗಾಳಿ ಭಾರವಾಗಿ ಕೆಳಕ್ಕಿಳಿದು ತಗ್ಗಿನಲ್ಲೇ ಮಡುಗಟ್ಟುತ್ತದೆ. ಹತ್ತಿಪ್ಪತ್ತು ಹೆಜ್ಜೆ ಮೇಲೆ ಹೋದರೆ ಚಳಿಯಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ಟೆಂಟ್ ನಿಂತ ಮೇಲೆ ಇನ್ನೂ ಒಂದೂವರೆ ಗಂಟೆ ಬೆಳಕಿತ್ತು. ಆ ಹೊತ್ತನ್ನು ಪೂರ್ತಿ ಮಕ್ಕಳಿಗೆ ಕೊಟ್ಟೆವು. ಟೆಂಟಿನ ಬಾಗಿಲಿನಿಂದ ಶೌಚಾಲಯದವರೆಗೆ ನಡೆದು ಹೆಜ್ಜೆ ಎಣಿಸಬೇಕು. ಮಗನ ಕಾಲಿಗೆ ಎಪ್ಪತ್ನಾಲ್ಕು. ಮಧ್ಯದಲ್ಲಿ ಒಂದು ಬಾಗಿದ ಮರ, ಅದಕ್ಕೆ ಅವನೇ "ಅಜ್ಜ ಮರ" ಅಂತ ಹೆಸರಿಟ್ಟ. ಅಜ್ಜ ಮರಕ್ಕೆ ಮೂವತ್ತೊಂದು ಹೆಜ್ಜೆ. ಅಲ್ಲಿ ಬಲಕ್ಕೆ ತಿರುಗಿದರೆ ಒಂದು ಬೇರು ಅಡ್ಡ ಬರುತ್ತದೆ, ಅದನ್ನು ದಾಟಬೇಕು. ಮೂರು ಸಲ ನನ್ನ ಜೊತೆ ಹೋದ, ನಾಲ್ಕನೇ ಸಲ ಒಬ್ಬನೇ ಹೋಗಿ ಬಂದ. ಮಗಳು ಒಂದು ಹಾಳೆಯ ಮೇಲೆ ಇಡೀ ಜಾಗದ ನಕ್ಷೆ ಬರೆದಳು: ನಲ್ಲಿ, ಕಲ್ಲು, ಒಲೆಯ ಜಾಗ, "ಇದರಾಚೆ ಹೋಗಬಾರದು" ಅನ್ನುವ ಗೆರೆ. ಗಡಿಯನ್ನು ನಾವು ಹೇಳಲಿಲ್ಲ, ಅವರಿಂದಲೇ ಆರಿಸಿಸಿದೆವು. ತಾವೇ ಆರಿಸಿದ ಗಡಿಯನ್ನು ಮಕ್ಕಳು ಮೀರುವುದು ಕಡಿಮೆ.

ಚಳಿಯ ವಿಷಯದಲ್ಲಿ ನಾನು ಹೊದಿಕೆಗೇ ಎಲ್ಲ ಗಮನ ಕೊಟ್ಟಿದ್ದೆ. ತಪ್ಪು ಅಲ್ಲೇ ಇತ್ತು. ಮಲಗಿದವರ ಮೈಬಿಸಿಯನ್ನು ಬಹಳಷ್ಟು ಎಳೆದುಕೊಳ್ಳುವುದು ಕೆಳಗಿನ ನೆಲ. ಸ್ಲೀಪಿಂಗ್ ಬ್ಯಾಗ್ ಬೆಚ್ಚಗಿರುವುದು ಅದರ ಎಳೆಗಳ ನಡುವೆ ಸಿಕ್ಕಿರುವ ಗಾಳಿಯಿಂದ. ಮೈಭಾರಕ್ಕೆ ಬೆನ್ನಿನ ಕೆಳಗಿನ ಭಾಗ ಅಪ್ಪಚ್ಚಿಯಾದರೆ ಅಲ್ಲಿ ಗಾಳಿಯೇ ಉಳಿಯುವುದಿಲ್ಲ, ಬರೀ ಬಟ್ಟೆ. ಗಾಳಿ ತುಂಬುವ ದಪ್ಪ ಹಾಸಿಗೆ ಮೆತ್ತಗಿರುತ್ತದೆ ನಿಜ, ಆದರೆ ಅದರೊಳಗಿನ ಗಾಳಿ ಸುತ್ತುತ್ತಾ ಮೈಬಿಸಿಯನ್ನು ನೆಲಕ್ಕೆ ದಾಟಿಸುತ್ತದೆ. ಅದರ ಮೇಲೊಂದು ಫೋಮ್ ಮ್ಯಾಟ್ ಹಾಸಿದ ದಿನದಿಂದ ಮಕ್ಕಳು ಬೆಳಗಿನ ಜಾವ ಏಳುವುದು ನಿಂತಿತು. ಮ್ಯಾಟ್ ಕೊಳ್ಳುವಾಗ ಆರ್-ವ್ಯಾಲ್ಯೂ ಅನ್ನುವ ಸಂಖ್ಯೆ ನೋಡಿ. ಅದು ಹೆಚ್ಚಿದ್ದಷ್ಟೂ ನೆಲದ ಚಳಿಯನ್ನು ಚೆನ್ನಾಗಿ ತಡೆಯುತ್ತದೆ. ದಿನವಿಡೀ ಓಡಾಡಿದ ಬಟ್ಟೆಯಲ್ಲಿ ಬೆವರಿನ ತೇವ ಇರುತ್ತದೆ, ಅದರಲ್ಲೂ ಹತ್ತಿ ಬಟ್ಟೆ ಒದ್ದೆಯಾದರೆ ಮೈಯನ್ನು ತಣ್ಣಗೆ ಮಾಡುತ್ತದೆ. ಮಲಗುವ ಮುಂಚೆ ಒಳಬಟ್ಟೆ, ಕಾಲುಚೀಲ ಸಮೇತ ಎಲ್ಲ ಬದಲಿಸಬೇಕು. ಚಳಿ ಅತಿ ಹೆಚ್ಚಾಗುವುದು ನಡುರಾತ್ರಿಯಲ್ಲಲ್ಲ, ಸೂರ್ಯ ಹುಟ್ಟುವ ಆಸುಪಾಸಿನಲ್ಲಿ. ಹಾಗಾಗಿ ಹತ್ತು ಗಂಟೆಗೆ ಬೆಚ್ಚಗಿದ್ದಾರೆ ಅಂತ ಸಮಾಧಾನ ಪಡಬೇಡಿ. ನಾನು ಎಚ್ಚರವಾದಾಗಲೆಲ್ಲ ಅವರ ಕತ್ತಿನ ಹಿಂಭಾಗ ಮುಟ್ಟಿ ನೋಡುತ್ತೇನೆ. ಕೈಕಾಲು ತಣ್ಣಗಿದ್ದರೂ ಕತ್ತು ಬೆಚ್ಚಗಿದ್ದರೆ ಚಿಂತೆಯಿಲ್ಲ.

ಎಷ್ಟೇ ಚಳಿಯಿದ್ದರೂ ಟೆಂಟಿನ ಕಿಟಕಿಯನ್ನು ಪೂರ್ತಿ ಮುಚ್ಚಬಾರದು. ನಾಲ್ಕು ಜನರ ಉಸಿರಿನ ತೇವ ರಾತ್ರಿಯೆಲ್ಲ ಬಟ್ಟೆಗೆ ಹತ್ತಿ ಬೆಳಿಗ್ಗೆ ಹನಿಯಾಗಿ ಮುಖದ ಮೇಲೆ ತೊಟ್ಟಿಕ್ಕುತ್ತದೆ. ಟೆಂಟ್ ಸೋರುತ್ತಿದೆ ಅಂತ ನಾವು ಒಮ್ಮೆ ಅದಕ್ಕೆ ತೇಪೆ ಕೂಡ ಹಾಕಿದ್ದೆವು.

ಇನ್ನೊಂದು ಮಾತನ್ನು ಕೈಮುಗಿದು ಹೇಳುತ್ತೇನೆ. ಚಳಿಗೆ ಅಂತ ಸ್ಟೌವನ್ನಾಗಲಿ, ಇದ್ದಿಲಿನ ಕೆಂಡವನ್ನಾಗಲಿ ಟೆಂಟಿನೊಳಗೆ, ಟೆಂಟಿನ ಮುಂದಿನ ಚಾವಡಿಯೊಳಗೂ ತರಬೇಡಿ. ಆರಿದ ಹಾಗೆ ಕಾಣುವ ಇದ್ದಿಲೂ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿದ್ದವರಿಗೆ ಅದು ಗೊತ್ತಾಗುವುದೇ ಇಲ್ಲ. ಹೊರಗಿನ ಬೆಂಕಿ ಕೂಡ ಅನುಮತಿ ಇರುವ ಕಡೆ, ಅದಕ್ಕೆಂದೇ ಮಾಡಿದ ಗುಂಡಿಯಲ್ಲಿ ಮಾತ್ರ. ಆರಿಸುವಾಗ ಮಣ್ಣು ಮುಚ್ಚಿ ಬಿಡುವುದು ಸಾಲದು, ಒಳಗೊಳಗೇ ಕನಲಿ ಬೇರು ಹಿಡಿದು ಬೆಂಕಿ ಆಚೆ ಏಳಬಹುದು. ನೀರು ಸುರಿದು ಕೋಲಿನಿಂದ ಕಲಕಿ, ಮತ್ತೆ ಸುರಿದು, ಕೊನೆಗೆ ಬೂದಿಯ ಹತ್ತಿರ ಕೈಯ ಹಿಂಭಾಗ ಹಿಡಿದು ನೋಡುತ್ತೇನೆ. ಶಾಖ ತಾಗದಿದ್ದರೆ ಮಾತ್ರ ಮಲಗಲು ಹೋಗುವುದು.

ಅಡುಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅರ್ಧ ತಯಾರಿ ಮನೆಯಲ್ಲೇ ಮುಗಿಸಿ ಹೋದರೆ ಬೆಳಕಿರುವಾಗಲೇ ಊಟ ಮುಗಿಯುತ್ತದೆ. ತಿನ್ನುವ ಯಾವ ವಸ್ತುವೂ, ಟೂತ್‌ಪೇಸ್ಟ್ ಸಹ, ರಾತ್ರಿ ಟೆಂಟಿನಲ್ಲಿ ಇರಬಾರದು, ಪ್ರಾಣಿಗಳ ಮೂಗಿಗೆ ಎಲ್ಲವೂ ಆಹಾರವೇ. ತೊರೆಯ ನೀರನ್ನು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ, 2000 ಮೀಟರಿಗಿಂತ ಎತ್ತರದಲ್ಲಿದ್ದರೆ ಮೂರು ನಿಮಿಷ ಕುದಿಸುತ್ತೇವೆ. ಪಾತ್ರೆ ತೊಳೆಯುವುದು ತೊರೆಯಿಂದ 60 ಮೀಟರಾದರೂ ದೂರದಲ್ಲಿ.

ಗುಡುಗಿನ ಬಗ್ಗೆ ನಮ್ಮದು ಎಲ್ಲರೂ ಅನುಸರಿಸಬಹುದಾದ ಸರಳ ನಿಯಮ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಎಲ್ಲರೂ ಕಾರಿಗೆ. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡ್ ಬೇಕು, ಅಂದರೆ ಸಿಡಿಲು ಹತ್ತು ಕಿಲೋಮೀಟರಿನೊಳಗೆ ಬಂದಿದೆ. ಕೊನೆಯ ಗುಡುಗಿನ ನಂತರ 30 ನಿಮಿಷ ಕಾದೇ ಇಳಿಯುವುದು. ಮೂರನೇ ಸಲ ಹೋದಾಗ ಹೀಗೇ ಒಂದೂಕಾಲು ಗಂಟೆ ಕಾರಿನಲ್ಲಿ ಕೂತೆವು, ಸೆಕೆಂಡ್ ಎಣಿಸುವ ಕೆಲಸ ಮಗಳದಾಗಿತ್ತು.

ಕತ್ತಲಿಗೆ ಬರುತ್ತೇನೆ. ಊಟವಾದ ಮೇಲೆ ನಾವು ಟಾರ್ಚ್ ಆರಿಸಿ ಸುಮ್ಮನೆ ಕೂರುತ್ತೇವೆ. ಕಣ್ಣು ಕತ್ತಲಿಗೆ ಚೆನ್ನಾಗಿ ಒಗ್ಗಲು 20ರಿಂದ 30 ನಿಮಿಷ ಬೇಕು. ನಡುವೆ ಯಾರಾದರೂ ಮೊಬೈಲ್ ತೆರೆದರೆ ಮತ್ತೆ ಮೊದಲಿನಿಂದ. ಮೊದಲ ಐದು ನಿಮಿಷ ಮಗ ನನ್ನ ತೋಳನ್ನು ಬಿಗಿಯಾಗಿ ಹಿಡಿದಿದ್ದ. ಅವನ ಗಮನ ಬೇರೆಡೆ ಹರಿಯಲಿ ಅಂತ ಜೀರುಂಡೆಯ ಸದ್ದು ಎಣಿಸಲು ಹೇಳಿದೆ. ಬಿಸಿ ಹೆಚ್ಚಿದಷ್ಟೂ ಜೀರುಂಡೆ ಬೇಗ ಬೇಗ ಕೂಗುತ್ತದೆ. ಅಮೆರಿಕದ ಭೌತವಿಜ್ಞಾನಿ ಅಮೋಸ್ ಡಾಲ್ಬೇರ್ 1897ರಲ್ಲಿ ಇದಕ್ಕೊಂದು ಸೂತ್ರವನ್ನೇ ಪ್ರಕಟಿಸಿದ. ಅದರ ಸರಳ ರೂಪದಲ್ಲಿ ಎಂಟು ಸೆಕೆಂಡಿನ ಕೂಗಿನ ಎಣಿಕೆಗೆ ಐದು ಸೇರಿಸಿದರೆ ಹೆಚ್ಚುಕಡಿಮೆ ಸೆಲ್ಸಿಯಸ್ ಉಷ್ಣತೆ ಬರುತ್ತದೆ. ಜೀರುಂಡೆಯ ಜಾತಿ ಬೇರೆಯಾದರೆ ಲೆಕ್ಕವೂ ಬದಲಾಗುತ್ತದೆ, ನಮಗೆ ಅದು ಮುಖ್ಯವಲ್ಲ. ಹದಿಮೂರು ಅಂದಳು ಮಗಳು, ಹದಿನೈದು ಅಂದ ಮಗ. ಜಗಳ ಶುರುವಾಯಿತು, ಮತ್ತೆ ಎಣಿಸಿದರು, ಮತ್ತೂ ಎಣಿಸಿದರು. ಅಷ್ಟರಲ್ಲಿ ಅಜ್ಜ ಮರದ ಆಕಾರ ಕಣ್ಣಿಗೆ ಮೂಡತೊಡಗಿತ್ತು. ಮೊದಲು ಕಂಡವನು ಮಗ. "ಅಲ್ಲೇ ಇದ್ದಾನೆ" ಅಂತ ಪಿಸುಗುಟ್ಟಿದ, ನನ್ನ ತೋಳು ಬಿಟ್ಟು.

ಆ ರಾತ್ರಿ ಎರಡು ಗಂಟೆಗೆ ಅವನೇ ನನ್ನನ್ನು ಅಲುಗಿಸಿ ಎಬ್ಬಿಸಿದ. ಟಾರ್ಚ್ ಹಾಕಲು ಹೋದರೆ ಬೇಡ ಅಂದ. ಬಾಗಿಲಿನ ಜಿಪ್ ಎಳೆದು ಹೊರಗೆ ನಿಂತು ಒಂದು ಕ್ಷಣ ತಡೆದ, ಆಮೇಲೆ ನನ್ನ ಒಂದು ಬೆರಳು ಹಿಡಿದು ನಡೆಯತೊಡಗಿದ. ಮೂವತ್ತೊಂದಕ್ಕೆ ಮರವನ್ನು ಮುಟ್ಟಿದ, ಬಲಕ್ಕೆ ತಿರುಗಿದ. "ಬೇರು" ಅಂತ ನನಗೆ ಎಚ್ಚರಿಸಿ ತಾನು ದಾಟಿದ. ಎಪ್ಪತ್ತೆರಡು, ಎಪ್ಪತ್ಮೂರು. ಕೈ ಚಾಚಿದ, ಬಾಗಿಲು ಅಲ್ಲೇ ಇತ್ತು.