ಮಾನಸಿಕ ಆರೋಗ್ಯ ಕ್ಲಿನಿಕ್‌ನ ಕಂಪ್ಯೂಟರ್ ದಾಖಲೆ: ಬಾರದವರನ್ನು ಹುಡುಕುವ ಬಗೆ

ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಕ್ಲಿನಿಕ್‌ಗಳಲ್ಲಿ ಬಂದವರ ಲೆಕ್ಕ ಹಳೇ ರಿಜಿಸ್ಟರ್‌ನಲ್ಲೂ ಸಿಗುತ್ತಿತ್ತು. ಯಾರು ಬರಲಿಲ್ಲ ಅನ್ನುವುದು ಮಾತ್ರ ಸಿಗುತ್ತಿರಲಿಲ್ಲ. ಗುಣ ಕಂಡಿತೆಂದು ಮಾತ್ರೆ ಬಿಟ್ಟವರು ಕಾಯಿಲೆ ಉಲ್ಬಣಿಸಿದ ಮೇಲೇ ತಿರುಗಿ ಬರುತ್ತಿದ್ದರು. ಕಂಪ್ಯೂಟರ್ ದಾಖಲೆಯನ್ನು ನಾವು ಮುಖ್ಯವಾಗಿ ದುಡಿಸಿಕೊಂಡಿದ್ದು ಇದಕ್ಕೇ.

‘ಮುಂದಿನ ಭೇಟಿ’ ಕಾಲಂ ತುಂಬದೆ ಚೀಟಿ ಪ್ರಿಂಟ್ ಆಗದಂತೆ ಮಾಡಿದೆವು. ‘ಒಂದು ತಿಂಗಳು ಬಿಟ್ಟು’ ಅಂತ ಬರೆದರೆ ಪಟ್ಟಿ ತೆಗೆಯಲು ಬರುವುದಿಲ್ಲ, ತಾರೀಖೇ ಬೇಕು. 30 ದಿನದ ಮಾತ್ರೆ ಕೊಟ್ಟರೆ 28ನೇ ದಿನಕ್ಕೆ ಕರೆಯುತ್ತೇವೆ. ತಾರೀಖು ದಾಟಿ 7 ದಿನವಾದವರ ಪಟ್ಟಿ ಕ್ಲಿನಿಕ್ ಮುಗಿದ ಸಂಜೆ ತೆಗೆಯುತ್ತೇವೆ. ವಾರಗಟ್ಟಲೆ ಕೆಲಸ ಮಾಡುವ ಫ್ಲುಫೆನಜಿನ್ ಇಂಜೆಕ್ಷನ್‌ನವರದು ಬೇರೆ ಪಟ್ಟಿ; ಅವರಿಗೆ 3 ದಿನವೇ ಗಡುವು. ಕುರಿ ಹಿಂದೆ ವಲಸೆ ಹೋಗುವವರಿಗೆ ಒಂದು ಟಿಕ್ ಇದೆ, ಹೊರಡುವ ಮುಂಚೆಯೇ ಹೆಚ್ಚಿನ ಮಾತ್ರೆ ಕೊಡಲು.

ಕಾಯಿಲೆಯನ್ನು ಐಸಿಡಿ-10 (ಕಾಯಿಲೆಗಳ ಅಂತರರಾಷ್ಟ್ರೀಯ ಪಟ್ಟಿ) ಕೋಡ್‌ನಲ್ಲೇ ಹಾಕಬೇಕು: ಸ್ಕಿಜೋಫ್ರೇನಿಯಾಕ್ಕೆ ಎಫ್20, ಬೈಪೋಲಾರ್‌ಗೆ ಎಫ್31. ಒಬ್ಬೊಬ್ಬರು ಒಂದೊಂದು ಥರ ಟೈಪ್ ಮಾಡಿದರೆ ಹುಡುಕಿದಾಗ ಅರ್ಧ ಜನ ಸಿಗುವುದಿಲ್ಲ. ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9ರಲ್ಲಿ ಒಟ್ಟು ಅಂಕವಷ್ಟೇ ಸಾಲದು; ಒಂದೊಂದು ಪ್ರಶ್ನೆಗೂ 0ರಿಂದ 3 ಅಂಕ. ಒಟ್ಟು 8 ಇದ್ದರೂ ಸಾಯುವ ಯೋಚನೆ ಕುರಿತ 9ನೇ ಪ್ರಶ್ನೆಗೆ 3 ಬಂದಿರಬಹುದು. ಅದಕ್ಕೆ ಬೇರೆ ಕಾಲಂ. ಅಲ್ಲಿ ಸೊನ್ನೆ ಬಿಟ್ಟು ಏನೇ ಬಂದರೂ ಡಾಕ್ಟರು ಅಂದೇ ಮಾತಾಡಬೇಕು. ಬೈಪೋಲಾರ್‌ಗೆ ಕೊಡುವ ಲಿಥಿಯಂ ಮಾತ್ರೆಯವರ ರಕ್ತದಲ್ಲಿನ ಲಿಥಿಯಂ ಮಟ್ಟದ ಜೊತೆ ರಕ್ತ ತೆಗೆದ ಹೊತ್ತೂ ಬೇಕು: ಕೊನೆಯ ಮಾತ್ರೆ ನುಂಗಿ 12 ಗಂಟೆ ಆಗಿರದಿದ್ದರೆ ಆ ಅಂಕಿಯನ್ನು ನಂಬುವಂತಿಲ್ಲ. ಇವರಿಗೆ ಥೈರಾಯ್ಡ್, ಕ್ರಿಯಾಟಿನಿನ್ (ಕಿಡ್ನಿ) ಪರೀಕ್ಷೆಯ ನೆನಪೋಲೆ 6 ತಿಂಗಳಿಗೊಮ್ಮೆ.

ಹೆಚ್ಚು ತಲೆನೋವು ಹೆಸರಿನದು. ತಿಪ್ಪೇಸ್ವಾಮಿ, ಓಬಳೇಶ ಅನ್ನುವವರು ಈ ಸೀಮೆಯಲ್ಲಿ ಊರೂರಿಗೂ ಇದ್ದಾರೆ. ಇಂಗ್ಲಿಷ್ ಸ್ಪೆಲ್ಲಿಂಗ್ ಬೇರೆಯಾದರೆ ಒಬ್ಬರಿಗೇ ಎರಡು ಫೈಲ್. ಹಳೇ ಔಷಧಿ ಒಂದರಲ್ಲಿ, ಹೊಸದು ಇನ್ನೊಂದರಲ್ಲಿ. ಹೊಸ ಫೈಲ್ ತೆರೆಯುವ ಮುಂಚೆ ಊರು, ಹುಟ್ಟಿದ ವರ್ಷ, ಫೋನ್ ಮೂರನ್ನೂ ಹಾಕಿ ಹುಡುಕಬೇಕು. 14 ಅಂಕಿಯ ಆಭಾ ಸಂಖ್ಯೆ (ಸರ್ಕಾರದ ಆರೋಗ್ಯ ಗುರುತಿನ ಸಂಖ್ಯೆ) ಇದ್ದರೆ ಸಲೀಸು. ಇಲ್ಲದವರನ್ನು ವಾಪಸ್ ಕಳಿಸಬಾರದು.

ಬಾರದವರ ಪಟ್ಟಿ ಹಿಡಿದು ಕರೆ ಮಾಡಿದರೆ, ಮನೆಗೊಂದೇ ಫೋನ್, ಅದೂ ಮಗನ ಜೊತೆ ಬೆಂಗಳೂರಿಗೆ ಹೋಗಿರುತ್ತದೆ. ಹಾಗಾಗಿ ಎರಡು ನಂಬರ್, ಯಾರದು ಅನ್ನುವುದರ ಸಮೇತ. ಕರೆ ಮಾಡಲು ಒಪ್ಪಿಗೆ ಇದೆಯೇ ಅನ್ನುವುದನ್ನೂ ಬರೆಯುತ್ತೇವೆ. ಬೇರೆಯವರು ಎತ್ತಿದರೆ ‘ಆಸ್ಪತ್ರೆಯಿಂದ’ ಅಂದಷ್ಟೇ ಸಾಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಗೋಪ್ಯತೆ ರೋಗಿಯ ಹಕ್ಕು. ಆಶಾ ಕಾರ್ಯಕರ್ತೆಗೆ ಹೋಗುವ ಪಟ್ಟಿಯಲ್ಲಿ ಹೆಸರು, ಊರು, ತಾರೀಖು ಮಾತ್ರ. ಪಾಸ್‌ವರ್ಡ್ ಬರೆದ ಚೀಟಿಯನ್ನು ಮಾನಿಟರ್‌ಗೆ ಅಂಟಿಸಿದರೆ ಇಷ್ಟೆಲ್ಲ ದಂಡ. ಒಬ್ಬೊಬ್ಬರಿಗೂ ಬೇರೆ ಲಾಗಿನ್ ಇರಲಿ.

ಕರೆಂಟ್ ಹೋದ ದಿನ ಕಾಗದದಲ್ಲಿ ಬರೆದು ಆಮೇಲೆ ಏರಿಸಿ. ಏರಿಸಿದ ದಿನದ ಬದಲು ರೋಗಿ ಬಂದ ದಿನವನ್ನೇ ಹಾಕಿ, ಇಲ್ಲವಾದರೆ ಬಂದುಹೋದವರ ಮನೆಗೇ ಫೋನ್ ಹೋಗುತ್ತದೆ.