ನ್ಯೂಯಾರ್ಕ್‌ನಲ್ಲಿ ವೀಸಾ ನೋಡಿ ಮನೆ ಕೊಡಲ್ಲ ಅಂದರೆ ಏನು ಮಾಡಬೇಕು?

ಕ್ವೀನ್ಸ್‌ನಲ್ಲಿ ಬಾಡಿಗೆ ಮನೆ ಖಾಲಿ ಇತ್ತು. ನನ್ನ ಸಂಬಳ, ಕ್ರೆಡಿಟ್ ಸ್ಕೋರ್ ಎಲ್ಲ ಸರಿಯಾಗಿತ್ತು. ಎಚ್-1ಬಿ ಅಂತ ಗೊತ್ತಾದ ಕೂಡಲೇ ಬ್ರೋಕರ್ "ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ" ಅಂದರು.

ಫೋನಿನಲ್ಲಿ ವಾದ ಮಾಡಿ ಉಪಯೋಗವಾಗಲಿಲ್ಲ. ಜಾಸ್ತಿ ಡಿಪಾಸಿಟ್ ಕೊಡ್ತೀನಿ ಅಂದದ್ದೂ ಅಷ್ಟೇ. (ಅಲ್ಲಿ 2019ರಿಂದ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಡಿಪಾಸಿಟ್ ತಗೊಳ್ಳುವ ಹಾಗೇ ಇಲ್ಲ.) ನಗರದ ವಸತಿ ಇಲಾಖೆಯೂ ಇದಕ್ಕೆ ಸರಿಯಾದ ಜಾಗವಲ್ಲ, ಅವರು ನೋಡುವುದು ಹೀಟರ್, ಸೋರಿಕೆಯಂಥದ್ದನ್ನು.

ಕೆಲಸ ಆದದ್ದು ನಗರದ ಮಾನವ ಹಕ್ಕುಗಳ ಆಯೋಗದಲ್ಲಿ. ವಲಸೆ ಸ್ಥಿತಿ ನೋಡಿ ಮನೆ ನಿರಾಕರಿಸುವುದು ನಗರದ ಕಾನೂನಿಗೆ ವಿರುದ್ಧ. ಆದಾಯದ ದಾಖಲೆ ಕೇಳಬಹುದು, ಅದು ಬೇರೆ ಮಾತು.

ಮೊದಲು ಬ್ರೋಕರ್‌ಗೆ ಮೆಸೇಜ್ ಹಾಕಿ, ಯಾಕೆ ಬೇಡ ಅಂದಿರಿ ಅಂತ ಬರಹದಲ್ಲೇ ಕೇಳಿ. ಉತ್ತರವನ್ನು ತಾರೀಕು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಮನೆಯ ಜಾಹೀರಾತನ್ನೂ ಅದೇ ದಿನ ಉಳಿಸಿಕೊಳ್ಳಿ, ಆಮೇಲೆ ಅದು ಮಾಯವಾಗಬಹುದು. ನಂತರ ನಗರದ ಸಹಾಯವಾಣಿ 311ಕ್ಕೆ ಫೋನ್ ಮಾಡಿ. ಸುಮ್ನೆ "ಮನೆ ಸಮಸ್ಯೆ" ಅನ್ನಬೇಡಿ, "ಹ್ಯೂಮನ್ ರೈಟ್ಸ್ ಕಮಿಷನ್" ಎಂದೇ ಕೇಳಿ. ಕಾರಣ ಹೇಳುವಾಗ "ಇಮಿಗ್ರೇಷನ್ ಸ್ಟೇಟಸ್" ಎಂದು ಸ್ಪಷ್ಟವಾಗಿ ಹೇಳಿ. ಅಧಿಕೃತ ದೂರಿಗೂ ಮುಂಚೆ ಆಯೋಗವೇ ಮಾಲೀಕರ ಜೊತೆ ಮಾತಾಡಿ ಬಗೆಹರಿಸುವ ದಾರಿ ಇದೆ. ಅದನ್ನೇ ಮೊದಲು ಕೇಳಿ. ಮನೆ ಇನ್ನೂ ಖಾಲಿ ಇರುವಾಗ ಇದೇ ಬೇಗ ಆಗುವುದು. ನನಗೆ ಲೀಸ್ ಸಿಕ್ಕಿದ್ದೂ ಹೀಗೆಯೇ.

ದೂರಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಸಾಮಾನ್ಯವಾಗಿ 1 ವರ್ಷದೊಳಗೆ ಕೊಡಬೇಕು. ಅದೇ ವಿಷಯಕ್ಕೆ ಕೋರ್ಟಿಗೆ ಹೋಗಿದ್ದರೆ ಆಯೋಗ ತಗೊಳ್ಳುವುದಿಲ್ಲ.