ಟ್ರೋಮ್ಸೋದಲ್ಲಿ ನಡುರಾತ್ರಿಯ ಸೂರ್ಯನನ್ನು ನೋಡುವ ಬಗೆ

ಉತ್ತರ ನಾರ್ವೆಯ ಟ್ರೋಮ್ಸೋ ನಗರದಲ್ಲಿ ಸುಮಾರು ಮೇ 20ರಿಂದ ಜುಲೈ 22ರವರೆಗೆ ಸೂರ್ಯ ಮುಳುಗುವುದಿಲ್ಲ. ಭೂಮಿಯ ಅಕ್ಷವು 23.4 ಡಿಗ್ರಿಯಷ್ಟು ವಾಲಿರುವುದರಿಂದ ಬೇಸಿಗೆಯಲ್ಲಿ ಉತ್ತರ ಧ್ರುವವು ಸೂರ್ಯನತ್ತ ಬಾಗಿರುತ್ತದೆ. ಭೂಮಿ ಒಂದು ಸುತ್ತು ತಿರುಗಿದರೂ ಆ ನೆಲ ಕತ್ತಲಿನ ಪಾಲಿಗೆ ಸೇರುವುದೇ ಇಲ್ಲ.

ಪ್ರವಾಸವನ್ನು ಜೂನ್ 21ರ ಆಸುಪಾಸಿನಲ್ಲಿ ಇಟ್ಟುಕೊಳ್ಳಿ. ಆಗಲೂ ನಡುರಾತ್ರಿಯ ಸೂರ್ಯ ದಿಗಂತದಿಂದ ಮೂರೇ ಡಿಗ್ರಿ ಮೇಲಿರುತ್ತಾನೆ, ಅಂದರೆ ಚಾಚಿದ ಕೈಯ ಎರಡು ಬೆರಳಿನಷ್ಟು. ಉತ್ತರಕ್ಕೆ ಒಂದು ಗುಡ್ಡ ಅಡ್ಡವಿದ್ದರೆ ಕಾಣುವುದಿಲ್ಲ. ಆದ್ದರಿಂದ ಬೀದಿಯಲ್ಲಿ ಕಾಯದೆ, ಕೇಬಲ್ ಕಾರಿನಲ್ಲಿ 421 ಮೀಟರ್ ಎತ್ತರದ ಸ್ಟೋರ್‌ಸ್ಟೈನೆನ್ ಗುಡ್ಡದ ಅಂಚಿಗೆ ಹೋಗುವುದು ಮೇಲು.

ಹೆಚ್ಚಿನವರು ಎಡವುವುದು ಹೊತ್ತಿನ ವಿಷಯದಲ್ಲಿ. ಬೇಸಿಗೆಯಲ್ಲಿ ನಾರ್ವೆಯ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ, ಸೂರ್ಯ ನೇರ ಉತ್ತರಕ್ಕೆ ಬಂದು ಅತಿ ಕೆಳಗಿಳಿಯುವುದು ಹನ್ನೆರಡಕ್ಕಲ್ಲ, ಸುಮಾರು 12.45ಕ್ಕೆ. ಅಲ್ಲಿಯವರೆಗೂ ದಯವಿಟ್ಟು ನಿಲ್ಲಿ: ಬೆಳಕು ಜೇನಿನ ಬಣ್ಣಕ್ಕೆ ತಿರುಗುತ್ತದೆ, ಸಮತಟ್ಟಾದ ನೆಲದಲ್ಲಿ ನಿಮ್ಮ ನೆರಳು ನಿಮ್ಮ ಎತ್ತರದ ಹದಿನೈದು ಪಟ್ಟಿಗೂ ಮೀರಿ ದಕ್ಷಿಣಕ್ಕೆ ಚಾಚುತ್ತದೆ, ಮತ್ತು ಸೂರ್ಯ ಮುಳುಗದೆ ಬಲಕ್ಕೆ ಸರಿಯುತ್ತಾ ನಿಧಾನವಾಗಿ ಮೇಲೇರತೊಡಗುತ್ತಾನೆ.

ಸೂರ್ಯ ತಗ್ಗಿನಲ್ಲಿದ್ದರೂ ಬರಿಗಣ್ಣಿನಿಂದ ದಿಟ್ಟಿಸಬಾರದು; ದುರ್ಬೀನಿನಿಂದಂತೂ ಖಂಡಿತ ಕೂಡದು. ಮೋಡ ಕವಿಯುವುದು ಸಾಮಾನ್ಯವಾದ್ದರಿಂದ ಕನಿಷ್ಠ ಮೂರು ರಾತ್ರಿ ಕೈಯಲ್ಲಿರಲಿ. ಬೆಚ್ಚನೆಯ ಜಾಕೆಟ್ ಜೊತೆಗೆ ಕಣ್ಣುಪಟ್ಟಿಯನ್ನೂ ಒಯ್ಯಿರಿ, ಕೋಣೆಗೆ ದಪ್ಪ ಪರದೆ ಇದೆಯೇ ಎಂದು ಮೊದಲೇ ವಿಚಾರಿಸಿ, ಮಲಗುವ ಸಮಯವನ್ನು ಗಡಿಯಾರ ನೋಡಿಯೇ ನಿಗದಿಪಡಿಸಿಕೊಳ್ಳಿ.